ಮನೆಯ ಮೆಟ್ಟಿಲೇರಿದ ಸಾಂತ್ವನ

ರೋಗಿಯು ವೈದ್ಯರನ್ನು ಅರಸಿ ಹೋಗುವುದು ಲೋಕರೂಢಿ. ಆಸ್ಪತ್ರೆಯ ಕಟ್ಟಡ, ಚೀಟಿಯ ಸಾಲು, ಔಷಧದಂಗಡಿ, ರಕ್ತಪರೀಕ್ಷೆಯ ಕೋಣೆ ಎಲ್ಲವೂ ಈ ರೂಢಿಯನ್ನು ನಂಬಿಯೇ ನಿಂತಿವೆ. ಆದರೆ ಹಾಸಿಗೆಯಿಂದ ಏಳಲಾರದವರು ಯಾರನ್ನು ಅರಸಿ ಎಲ್ಲಿಗೆ ಹೋಗಬೇಕು? ದೂರದ ದೊಡ್ಡ ಆಸ್ಪತ್ರೆಯಲ್ಲಿ ಮನೆಯ ಚಿನ್ನವನ್ನೆಲ್ಲ ಕರಗಿಸಿದ ಬಳಿಕ ‘ಇನ್ನು ಮಾಡುವುದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ’ ಎಂಬ ಮಾತನ್ನು ಕೇಳಿ ಮರಳಿದವರ ಪಾಡೇನು? ಅವರ ಹುಣ್ಣು ತೊಳೆಯುವ ಹೆಂಡತಿ, ರಾತ್ರಿಯಿಡೀ ಎಚ್ಚರವಿರುವ ಸೊಸೆ, ಮನೆಯಲ್ಲಿ ಬೇರಾರೂ ಇಲ್ಲವೆಂದು ಶಾಲೆ ಬಿಟ್ಟು ಕುಳಿತ ಮಗಳು ತಮ್ಮ ಕಷ್ಟವನ್ನು ಯಾರಲ್ಲಿ ಹೇಳಿಕೊಳ್ಳಬೇಕು? ಈ ಪ್ರಶ್ನೆಗೆ ಮಲಬಾರಿನ ಸಾಮಾನ್ಯ ಜನರು ಕಳೆದ ಮೂರು ದಶಕಗಳಲ್ಲಿ ಕಂಡುಕೊಂಡ ಉತ್ತರ ಬಹಳ ಸರಳವಾದುದು: ಅವರು ಬರಲಾರದಿದ್ದರೆ ನಾವೇ ಹೋಗೋಣ.

ಹಾಗೆ ಹೋಗುವವರ ವಾಹನವನ್ನು ಕಾಸರಗೋಡು ಜಿಲ್ಲೆಯ ಗುಡ್ಡದ ದಾರಿಗಳಲ್ಲಿ ಇಂದು ಮಕ್ಕಳೂ ಗುರುತಿಸುತ್ತಾರೆ. ‘ಪಾಲಿಯೇಟಿವ್‌ನವರು ಬಂದರು’ ಎಂಬುದು ತುಳು ಮನೆಯಲ್ಲಿಯೂ ಹವ್ಯಕರ ಮನೆಯಲ್ಲಿಯೂ ಸಹಜವಾದ ಮಾತಾಗಿದೆ. ಗ್ರಂಥಸ್ಥ ಕನ್ನಡದಲ್ಲಿ ಇದನ್ನು ಉಪಶಾಮಕ ಆರೈಕೆ ಎನ್ನುತ್ತಾರೆ. ಮಲಯಾಳದಲ್ಲಿ ಸಾಂತ್ವನ ಪರಿಚರಣೆ. ರೋಗವನ್ನು ಗುಣಪಡಿಸಲಾಗದಿದ್ದರೂ ರೋಗಿಯ ನೋವನ್ನು, ಆ ನೋವಿನಿಂದ ಕುಟುಂಬಕ್ಕೆ ಒದಗುವ ಸಂಕಟವನ್ನು ತಗ್ಗಿಸಬಹುದು ಎಂಬ ನಂಬಿಕೆಯೇ ಅದರ ತಿರುಳು. ಹೆಸರು ಬಲ್ಲವರು ಅನೇಕರಿದ್ದರೂ ಈ ಸೇವೆ ಹೇಗೆ ಹುಟ್ಟಿತು, ಯಾವ ಅಡೆತಡೆಗಳನ್ನು ದಾಟಿ ನಮ್ಮ ಅಂಗಳಕ್ಕೆ ಬಂದಿತು ಎಂಬುದು ಕನ್ನಡದ ಮನೆಗಳಲ್ಲಿ ಅಷ್ಟಾಗಿ ತಿಳಿದಿಲ್ಲ.

ಈ ಚಿಂತನೆಯ ಮೂಲ ಇಂಗ್ಲೆಂಡಿನಲ್ಲಿದೆ. ಮೊದಲು ದಾದಿಯಾಗಿ, ಬಳಿಕ ಆಸ್ಪತ್ರೆಯ ಸಮಾಜಸೇವಕಿಯಾಗಿ, ಕೊನೆಗೆ ವೈದ್ಯೆಯಾಗಿ ದುಡಿದ ಸಿಸಿಲಿ ಸಾಂಡರ್ಸ್ ಎಂಬ ಮಹಿಳೆ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಎಂಬ ಆಶ್ರಯಧಾಮವನ್ನು ತೆರೆದರು. ಸಾಯುವವರ ನೋವು ದೇಹಕ್ಕೆ ಮಾತ್ರ ಸಂಬಂಧಿಸಿದುದಲ್ಲ; ಮನಸ್ಸು, ಮನೆ, ಹಣ, ದೇವರ ಮೇಲಿನ ನಂಬಿಕೆ ಎಲ್ಲವೂ ಅದರೊಳಗೆ ಹೆಣೆದುಕೊಂಡಿವೆ ಎಂದು ಅವರು ಬೋಧಿಸಿದರು. ನೋವು ಬಂದ ಮೇಲೆ ಮದ್ದು ಕೊಡುವುದಲ್ಲ, ನೋವು ಮರುಕಳಿಸುವ ಮೊದಲೇ ಗಡಿಯಾರ ನೋಡಿ ಮಾರ್ಫಿನ್ ಕೊಡಬೇಕು ಎಂಬುದೂ ಅವರ ಪಾಠವೇ. ಎರಡು ವರ್ಷಗಳಲ್ಲಿ ಆ ಸಂಸ್ಥೆಯ ದಾದಿಯರು ರೋಗಿಗಳ ಮನೆಗಳಿಗೂ ಹೋಗತೊಡಗಿದರು. ಭಾರತದಲ್ಲಿ ಇಂಥ ಮೊದಲ ಆಶ್ರಯಧಾಮ 1986ರಲ್ಲಿ ಮುಂಬಯಿಯಲ್ಲಿ ಆರಂಭವಾದ ಶಾಂತಿ ಅವೇದನಾ ಆಶ್ರಮ.

ಆದರೆ ಕಟ್ಟಡ ಕಟ್ಟಿ, ಹಾಸಿಗೆ ಹಾಕಿ, ರೋಗಿಗಳನ್ನು ಕರೆತಂದು ಇರಿಸಿಕೊಳ್ಳುವ ಈ ವಿಧಾನದಿಂದ ಎಷ್ಟು ಮಂದಿಗೆ ನೆರವಾಗಬಹುದು? ಶ್ರೀಮಂತ ದೇಶಕ್ಕೆ ಸಾಧ್ಯವಾದುದು ನಮ್ಮಲ್ಲಿ ನೂರರಲ್ಲಿ ಒಬ್ಬರಿಗೂ ತಲಪಲಾರದು. ಅಲ್ಲದೆ ನಮ್ಮ ನಾಡಿನ ಹಿರಿಯರಲ್ಲಿ ಹೆಚ್ಚಿನವರು ಬಯಸುವುದು ತಮ್ಮದೇ ಚಾವಡಿಯಲ್ಲಿ, ತಮ್ಮದೇ ಮಂದಿಯ ನಡುವೆ ಕಣ್ಮುಚ್ಚುವುದನ್ನು.

ಕಲ್ಲಿಕೋಟೆಯ ಒಂದು ಕೋಣೆ

ಕಲ್ಲಿಕೋಟೆಯ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಅರಿವಳಿಕೆ ವಿಭಾಗದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ಆರ್. ರಾಜಗೋಪಾಲ್ ಅವರು ಒಂದು ಘಟನೆಯನ್ನು ಅನೇಕ ವೇದಿಕೆಗಳಲ್ಲಿ ಹೇಳಿದ್ದಾರೆ. ಕ್ಯಾನ್ಸರಿನ ತೀವ್ರ ನೋವಿನಿಂದ ಬಳಲುತ್ತಿದ್ದ ಕಾಲೇಜು ಅಧ್ಯಾಪಕರೊಬ್ಬರು ಅವರ ಬಳಿಗೆ ಬಂದರು. ನೋವಿನ ನರಕ್ಕೆ ಚುಚ್ಚುಮದ್ದು ನೀಡಿದಾಗ ನೋವು ಮಾಯವಾಯಿತು. ವೈದ್ಯರಿಗೆ ತಮ್ಮ ಕೈಚಳಕದ ಬಗ್ಗೆ ಸಂತೋಷ. ಆದರೆ ಈ ಚಿಕಿತ್ಸೆ ನೋವಿಗೆ ಮಾತ್ರ, ರೋಗ ಗುಣವಾಗುವಂಥದಲ್ಲ ಎಂಬುದು ಆ ಅಧ್ಯಾಪಕರಿಗೆ ತಿಳಿದದ್ದು ಅಂದೇ. ಮನೆಗೆ ಮರಳಿದ ಅವರು ಆತ್ಮಹತ್ಯೆ ಮಾಡಿಕೊಂಡರು. ತಾನು ನರವೊಂದನ್ನು ಕಂಡೆ, ಮನುಷ್ಯನನ್ನು ಕಾಣಲಿಲ್ಲ ಎಂಬ ಅರಿವು ಆ ವೈದ್ಯರನ್ನು ಬೇರೆ ದಾರಿಗೆ ತಿರುಗಿಸಿತು.

1993ರಲ್ಲಿ ಡಾ. ರಾಜಗೋಪಾಲ್, ಅವರ ಕಿರಿಯ ಸಹೋದ್ಯೋಗಿ ಡಾ. ಸುರೇಶ್ ಕುಮಾರ್ ಹಾಗೂ ವೈದ್ಯರಲ್ಲದ ಕೆಲವು ಗೆಳೆಯರು ಸೇರಿ ಪೈನ್ ಆ್ಯಂಡ್ ಪಾಲಿಯೇಟಿವ್ ಕೇರ್ ಸೊಸೈಟಿಯನ್ನು ಸ್ಥಾಪಿಸಿದರು. ವೈದ್ಯಕೀಯ ಕಾಲೇಜಿನ ಆವರಣದಲ್ಲಿ ದೊರೆತ ಸಣ್ಣ ಜಾಗದಲ್ಲಿ ಹೊರರೋಗಿ ವಿಭಾಗ ಆರಂಭವಾಯಿತು. ಚಿಕಿತ್ಸೆ, ಔಷಧ ಉಚಿತ. ಸೊಸೈಟಿಯಲ್ಲಿ ವೈದ್ಯರಲ್ಲದವರಿಗೂ ಸಮಾನ ಸ್ಥಾನವಿತ್ತೆಂಬುದನ್ನು ಇಲ್ಲಿ ಗಮನಿಸಬೇಕು. ಮುಂದಿನ ಬೆಳವಣಿಗೆಗೆ ಬೀಜವಿದ್ದುದು ಅದರಲ್ಲಿಯೇ. ಔಷಧಕ್ಕಿಂತ ಮೊದಲು ಒಂದು ಕುರ್ಚಿ ಎಳೆದು ರೋಗಿಯ ಪಕ್ಕದಲ್ಲಿ ಕುಳಿತು ‘ಹೇಗಿದ್ದೀರಿ?’ ಎಂದು ಕೇಳಿ, ಉತ್ತರ ಮುಗಿಯುವವರೆಗೆ ಕಾಯುವ ಜನ ಅಲ್ಲಿದ್ದರು. ಸರಕಾರಿ ಆಸ್ಪತ್ರೆಯ ಜನಜಂಗುಳಿಯನ್ನು ಬಲ್ಲವರಿಗೆ ಇದು ಎಷ್ಟು ಅಪರೂಪವೆಂದು ವಿವರಿಸಬೇಕಾಗಿಲ್ಲ.

ಸುದ್ದಿ ಹರಡಿ ಮಲಬಾರಿನ ಮೂಲೆಮೂಲೆಗಳಿಂದ ರೋಗಿಗಳು ಬರತೊಡಗಿದಾಗ ತೊಡಕೂ ಕಾಣಿಸಿಕೊಂಡಿತು. ಬರಲು ಶಕ್ತಿಯಿದ್ದವರು ಬಂದರು. ಅತ್ಯಂತ ನರಳುತ್ತಿದ್ದವರು ಮನೆಯಲ್ಲಿಯೇ ಉಳಿದರು. ಕಾಸರಗೋಡಿನಿಂದ ಕಲ್ಲಿಕೋಟೆಗೆ ಸುಮಾರು 180 ಕಿಲೋಮೀಟರ್. ಮೂಳೆಗೆ ಹಬ್ಬಿದ ಕ್ಯಾನ್ಸರನ್ನು ಹೊತ್ತು ಬಸ್ಸಿನಲ್ಲಿ ಅಷ್ಟು ದೂರ ಕುಲುಕಾಡಿಕೊಂಡು ಹೋಗಿ ನೋವಿನ ಮಾತ್ರೆ ತರುವುದೆಂದರೆ ನೋವನ್ನೇ ಕೊಂಡುತಂದಂತೆ. ಆದುದರಿಂದ ಬೇರೆ ಊರುಗಳಲ್ಲಿ ಉಪಕೇಂದ್ರಗಳು ಹುಟ್ಟಿದವು. ಅವುಗಳೊಡನೆ ಮನೆಭೇಟಿಯೂ ಮೊದಲಾಯಿತು. ಮನೆಗೆ ಹೋಗಿ ನೋಡಿದವರಿಗೆ, ಆಸ್ಪತ್ರೆಯ ಮೇಜಿನ ಈಚೆ ಕುಳಿತವರಿಗೆ ಎಂದೂ ಕಾಣದ ಸಂಗತಿಗಳು ಕಂಡವು. ಮಾತ್ರೆ ನುಂಗಲು ಹೊಟ್ಟೆಯಲ್ಲಿ ಗಂಜಿಯಿಲ್ಲ. ದುಡಿಯುವವನು ಮಲಗಿ ಆರು ತಿಂಗಳಾಗಿ ಮಕ್ಕಳ ಶಾಲೆ ನಿಂತಿದೆ. ವಾಸನೆಯ ಕಾರಣಕ್ಕೆ ನೆರೆಯವರು ಅಂಗಳಕ್ಕೂ ಬರುತ್ತಿಲ್ಲ.

ಮಾರ್ಫಿನ್ ಮತ್ತು ಕಾನೂನಿನ ಭಯ

ಈ ಚರಿತ್ರೆಯ ಒಂದು ಅಧ್ಯಾಯ ಆಸ್ಪತ್ರೆಯಲ್ಲಿ ಅಲ್ಲ, ಕಾನೂನಿನ ಪುಸ್ತಕದಲ್ಲಿ ನಡೆಯಿತು. ಅದನ್ನು ತುಸು ಬಿಡಿಸಿ ನೋಡಬೇಕು.

ಕ್ಯಾನ್ಸರಿನ ತೀವ್ರ ನೋವಿಗೆ ಮಾರ್ಫಿನ್ ಮಾತ್ರೆ ಪ್ರಮುಖ ಔಷಧವೆಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಸಾರಿತು. ಅದು ಅಫೀಮಿನಿಂದ ದೊರೆಯುವ ವಸ್ತು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರಕಾರದ ಪರವಾನಿಗೆಯಿಂದಲೇ ಅಫೀಮು ಬೆಳೆಯುತ್ತಾರೆ, ನೀಮಚ್ ಮತ್ತು ಗಾಝೀಪುರದ ಸರಕಾರಿ ಕಾರ್ಖಾನೆಗಳಲ್ಲಿ ಅದನ್ನು ಸಂಸ್ಕರಿಸುತ್ತಾರೆ, ಹೊರದೇಶಗಳಿಗೂ ರವಾನಿಸುತ್ತಾರೆ. ಹೀಗೆ ಲೋಕಕ್ಕೆಲ್ಲ ನೋವಿನ ಮದ್ದಿನ ಮೂಲವಸ್ತು ಒದಗಿಸುವ ದೇಶದಲ್ಲಿಯೇ ರೋಗಿಗೆ ಮಾತ್ರ ಅದು ಸಿಗುತ್ತಿರಲಿಲ್ಲ. ಕಾರಣ 1985ರ ಮಾದಕ ದ್ರವ್ಯ ಮತ್ತು ಮನಃಪರಿಣಾಮಕ ವಸ್ತುಗಳ ಕಾಯ್ದೆ.

ನ್ಯಾಯವಾಗಿ ಹೇಳುವುದಾದರೆ ಆ ಕಾಯ್ದೆಯು ವೈದ್ಯಕೀಯ ಬಳಕೆಯನ್ನು ನಿಷೇಧಿಸಲಿಲ್ಲ. ವೈದ್ಯಕೀಯ ಹಾಗೂ ವೈಜ್ಞಾನಿಕ ಉದ್ದೇಶಗಳಿಗೆ ಅದರ ಎಂಟನೆಯ ಕಲಮಿನಲ್ಲಿಯೇ ವಿನಾಯಿತಿಯಿತ್ತು. ಆದರೆ ಕಾಯ್ದೆಯ ಅಕ್ಷರಕ್ಕಿಂತ ಅದರ ನೆರಳು ದೊಡ್ಡದಾಯಿತು. ಅಪರಾಧಕ್ಕೆ ಕನಿಷ್ಠ ಹತ್ತು ವರ್ಷಗಳ ಕಠಿಣ ಸಜೆ. ಜೊತೆಗೆ ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ. ಇರಿಸಿಕೊಳ್ಳಲು ಒಂದು ಪರವಾನಿಗೆ, ಒಂದು ರಾಜ್ಯದಿಂದ ಹೊರಕಳುಹಿಸಲು ಇನ್ನೊಂದು, ಮತ್ತೊಂದು ರಾಜ್ಯದೊಳಗೆ ತರಲು ಮಗುದೊಂದು, ಸಾಗಿಸಲು ಬೇರೆಯೇ ಒಂದು. ಎಲ್ಲವೂ ಏಕಕಾಲಕ್ಕೆ ಊರ್ಜಿತದಲ್ಲಿರಬೇಕು. ಒಂದು ಕೈಗೆ ಬರುವಷ್ಟರಲ್ಲಿ ಇನ್ನೊಂದರ ಅವಧಿ ತೀರುತ್ತಿತ್ತು. ಔಷಧ ವ್ಯಾಪಾರಿಗಳು ಈ ಗೊಡವೆಯೇ ಬೇಡವೆಂದು ಕೈತೊಳೆದರು. ವೈದ್ಯರು ಬರೆಯುವುದನ್ನು ಬಿಟ್ಟರು. ಹೊಸ ಪೀಳಿಗೆಯ ವೈದ್ಯರು ಅದನ್ನು ಬಳಸುವ ಕ್ರಮವನ್ನೇ ಕಲಿಯಲಿಲ್ಲ. 1985ರಿಂದ 1997ರ ನಡುವೆ ದೇಶದಲ್ಲಿ ಔಷಧವಾಗಿ ಮಾರ್ಫಿನಿನ ಬಳಕೆ ಶೇಕಡಾ 97ರಷ್ಟು ಕುಸಿಯಿತು. ಕಳ್ಳಸಾಗಾಟಗಾರನನ್ನು ಹಿಡಿಯಲು ಹೆಣೆದ ಬಲೆಯಲ್ಲಿ ಸಿಕ್ಕಿಬಿದ್ದವರು ಹಾಸಿಗೆಯಲ್ಲಿ ನರಳುತ್ತಿದ್ದವರು.

ಕಲ್ಲಿಕೋಟೆಯವರು ಈ ಗೋಡೆಯ ಮುಂದೆ ಘೋಷಣೆ ಕೂಗಲಿಲ್ಲ. ಕಡತ ಹಿಡಿದು ಕಚೇರಿಗಳ ಮೆಟ್ಟಿಲು ಹತ್ತಿದರು. ತಮ್ಮ ಕೇಂದ್ರದಿಂದ ಸಾವಿರಾರು ರೋಗಿಗಳಿಗೆ ಮಾರ್ಫಿನ್ ಕೊಟ್ಟರೂ ಅದು ದುರ್ಬಳಕೆಯಾಗುವುದಿಲ್ಲವೆಂದು ದಾಖಲೆಯ ಮೂಲಕ ತೋರಿಸಿದರು. 1998ರಲ್ಲಿ ಕೇಂದ್ರ ಸರಕಾರವು ನಿಯಮಗಳನ್ನು ಸರಳಗೊಳಿಸುವಂತೆ ರಾಜ್ಯಗಳಿಗೆ ಮಾದರಿಯನ್ನು ಕಳುಹಿಸಿತು. ಅದನ್ನು ಬೇಗನೆ ಸ್ವೀಕರಿಸಿದ ಕೆಲವೇ ರಾಜ್ಯಗಳಲ್ಲಿ ಕೇರಳವೂ ಒಂದು. ಇಡೀ ದೇಶಕ್ಕೆ ಅನ್ವಯವಾಗುವ ತಿದ್ದುಪಡಿ ಸಂಸತ್ತಿನಲ್ಲಿ ಅಂಗೀಕಾರವಾದದ್ದು 2014ರಲ್ಲಿ. ‘ಅತ್ಯಗತ್ಯ ಮಾದಕ ಔಷಧಗಳು’ ಎಂಬ ಪ್ರತ್ಯೇಕ ವರ್ಗವೊಂದನ್ನು ಅದು ಸೃಷ್ಟಿಸಿತು. ಹಲವು ಪರವಾನಿಗೆಗಳ ಜಾಗದಲ್ಲಿ ಒಂದೇ ಮಾನ್ಯತೆಯ ಪದ್ಧತಿ ಬಂದಿತು. ಒಂದು ಕಾಯ್ದೆಯ ಗಂಟು ಸಡಿಲವಾಗಲು ಇಪ್ಪತ್ತೊಂಬತ್ತು ವರ್ಷ. ಆ ನಡುವೆ ಮದ್ದಿಲ್ಲದೆ ಹೋದ ಜೀವಗಳ ಲೆಕ್ಕ ಯಾವ ಕಡತದಲ್ಲಿಯೂ ಇಲ್ಲ.

ಊರೇ ಹೊತ್ತ ಹೊರೆ

ಕಲ್ಲಿಕೋಟೆಯಲ್ಲಿ ವೈದ್ಯರು ಮುಂದಿದ್ದರು, ಜನ ಅವರ ಹಿಂದಿದ್ದರು. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಮಲಪ್ಪುರಂ ಜಿಲ್ಲೆಯಲ್ಲಿ ಈ ಕ್ರಮ ತಲೆಕೆಳಗಾಯಿತು. ನಿಲಂಬೂರು, ಮಂಜೇರಿ ಮೊದಲಾದ ಕಡೆಗಳಲ್ಲಿ ವ್ಯಾಪಾರಿಗಳು, ಶಿಕ್ಷಕರು, ರಿಕ್ಷಾ ಚಾಲಕರು, ಗೃಹಿಣಿಯರು, ಕಾಲೇಜು ವಿದ್ಯಾರ್ಥಿಗಳು ತಮ್ಮ ಊರಿನ ರೋಗಿಗಳ ಹೊಣೆಯನ್ನು ತಾವೇ ಹೊತ್ತರು. ಯಾರ ಮನೆಯಲ್ಲಿ ಯಾರು ಮಲಗಿದ್ದಾರೆ ಎಂದು ಹುಡುಕುವವರು ಅವರೇ, ಹಣ ಕೂಡಿಸುವವರು ಅವರೇ, ದಾದಿಗೆ ಸಂಬಳ ಕೊಡುವವರೂ ಅವರೇ. ವೈದ್ಯರು ಅವರ ಕರೆಗೆ ಬರುವ ಸಹಾಯಕರಾದರು. ದೀರ್ಘಕಾಲದ ರೋಗವೆಂಬುದು ವೈದ್ಯಕೀಯ ಮುಖವುಳ್ಳ ಸಾಮಾಜಿಕ ಸಮಸ್ಯೆಯೇ ಹೊರತು ಸಾಮಾಜಿಕ ಮುಖವುಳ್ಳ ವೈದ್ಯಕೀಯ ಸಮಸ್ಯೆಯಲ್ಲ ಎಂಬುದು ಡಾ. ಸುರೇಶ್ ಕುಮಾರ್ ಅವರ ಬಳಗದ ವಾದವಾಗಿತ್ತು. ನೆರೆಹೊರೆಯ ಸಾಂತ್ವನ ಜಾಲ ಎಂಬ ಅರ್ಥ ಬರುವ ಹೆಸರಿನಿಂದ ಈ ವ್ಯವಸ್ಥೆ ಲೋಕಕ್ಕೆ ಪರಿಚಯವಾಯಿತು. ಕೆಲವೇ ವರ್ಷಗಳಲ್ಲಿ ಅರವತ್ತಕ್ಕೂ ಹೆಚ್ಚು ಘಟಕಗಳು ಉತ್ತರ ಕೇರಳದಲ್ಲಿ ಎದ್ದುನಿಂತವು.

ಸ್ವಯಂಸೇವಕರಾಗಲು ಒಳ್ಳೆಯ ಮನಸ್ಸೊಂದಿದ್ದರೆ ಸಾಲದು ಎಂಬ ಎಚ್ಚರ ಅವರಿಗೆ ಮೊದಲಿನಿಂದಲೂ ಇತ್ತು. ಹದಿನಾರು ಗಂಟೆಗಳ ತರಗತಿ, ಅದರ ಮೇಲೆ ನಾಲ್ಕು ದಿನ ಅನುಭವಿಗಳೊಡನೆ ರೋಗಿಗಳ ಬಳಿ ಕೆಲಸ ಎಂಬ ತರಬೇತಿಯ ಚೌಕಟ್ಟು ರೂಪುಗೊಂಡಿತು. ಆ ತರಗತಿಯ ಮುಖ್ಯ ಪಾಠ ಮಾತನಾಡುವುದಲ್ಲ, ಮಾತು ತಡೆದುಕೊಳ್ಳುವುದು. ‘ಎಲ್ಲ ಸರಿಹೋಗುತ್ತದೆ, ಧೈರ್ಯವಾಗಿರಿ’ ಎಂಬ ನಮ್ಮೆಲ್ಲರ ನಾಲಗೆಯ ತುದಿಯಲ್ಲಿರುವ ವಾಕ್ಯವನ್ನು ಅಲ್ಲಿ ಮರೆಯಲು ಕಲಿಸುತ್ತಾರೆ. ಸರಿಹೋಗದೆಂದು ರೋಗಿಗೆ ಗೊತ್ತು. ಸುಳ್ಳು ಧೈರ್ಯ ಹೇಳಿದವರೊಡನೆ ಅವರು ಮನಸ್ಸು ಬಿಚ್ಚುವುದಿಲ್ಲ. ಕಂಡ ಮನೆಯ ಕಥೆಯನ್ನು ಇನ್ನೊಂದು ಮನೆಯಲ್ಲಿ ಹೇಳಬಾರದು. ಮತ, ಪಕ್ಷಗಳನ್ನು ಅಂಗಳದ ಹೊರಗೆ ಬಿಟ್ಟು ಬರಬೇಕು.

ಹಣದ ವಿಷಯದಲ್ಲಿಯೂ ಅವರದು ಜಾಣತನವೇ. ದೊಡ್ಡ ದಾನಿಯೊಬ್ಬನನ್ನು ನೆಚ್ಚುವ ಬದಲು ದಿನಕ್ಕೊಂದು ರೂಪಾಯಿ, ತಿಂಗಳಿಗೆ ಹತ್ತು ರೂಪಾಯಿ ಕೊಡುವ ನೂರಾರು ಮಂದಿಯನ್ನು ಹುಡುಕಿದರು. ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಡಬ್ಬ, ಶಾಲೆಯಲ್ಲಿ ಒಂದು ಡಬ್ಬ. ಹತ್ತು ರೂಪಾಯಿ ಕೊಟ್ಟವನಿಗೆ ಸಂಸ್ಥೆಯ ಲೆಕ್ಕ ಕೇಳುವ ಹಕ್ಕು ಬರುತ್ತದೆ. ನಾಳೆ ತನ್ನ ಮನೆಯಲ್ಲಿ ಯಾರಾದರೂ ಮಲಗಿದರೆ ಸಂಕೋಚವಿಲ್ಲದೆ ಕರೆಯುವ ಸಲಿಗೆಯೂ ಬರುತ್ತದೆ. ಇದು ಭಿಕ್ಷೆಯಲ್ಲ, ಊರಿನವರ ನಡುವಣ ಮುಯ್ಯಿ.

ಒಂದು ಭೇಟಿಯಲ್ಲಿ ನಡೆಯುವುದೇನು? ದಾದಿಯ ಚೀಲದಲ್ಲಿ ಹತ್ತಿ, ಬಟ್ಟೆಪಟ್ಟಿ, ಮೂತ್ರನಳಿಕೆ, ರಕ್ತದೊತ್ತಡ ನೋಡುವ ಉಪಕರಣ, ನೋವಿನ ಮಾತ್ರೆಗಳಿರುತ್ತವೆ. ಮಲಗಿಯೇ ಇದ್ದು ಬೆನ್ನು, ಸೊಂಟಗಳಲ್ಲಾದ ಹುಣ್ಣನ್ನು ತೊಳೆದು ಕಟ್ಟುವುದು, ನಳಿಕೆ ಬದಲಿಸುವುದು ಅವರ ಕೆಲಸ. ಅದನ್ನು ಮಾಡುತ್ತಲೇ ಮನೆಯವರಿಗೆ ಕಲಿಸುತ್ತಾರೆ: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹೇಗೆ, ಹಾಳೆ ಸುಕ್ಕಾಗದಂತೆ ಹಾಸುವುದು ಹೇಗೆ, ನುಂಗಲಾರದವರ ಬಾಯಿಯನ್ನು ಸ್ವಚ್ಛಗೊಳಿಸುವುದು ಹೇಗೆ. ದಾದಿ ಒಳಗಿರುವಾಗ ಸ್ವಯಂಸೇವಕಿಯೊಬ್ಬಳು ಅಡುಗೆಮನೆಯ ಬಾಗಿಲಲ್ಲಿ ನಿಂತು ರೋಗಿಯ ಹೆಂಡತಿಯೊಡನೆ ಮಾತಿಗಿಳಿಯುತ್ತಾಳೆ. ಅಕ್ಕಿ ಇದೆಯೇ, ನಿದ್ದೆ ಬರುತ್ತದೆಯೇ, ಸಾಲಗಾರರ ಕಾಟವಿದೆಯೇ ಎಂಬುದು ತಿಳಿಯುವುದು ಅಲ್ಲಿಯೇ. ಮಗುವಿನ ಕೈಯಲ್ಲಿ ಪುಸ್ತಕವಿಲ್ಲದಿದ್ದರೆ ಅದೂ ಕಣ್ಣಿಗೆ ಬೀಳುತ್ತದೆ. ಬಡಕುಟುಂಬಗಳಿಗೆ ಅಕ್ಕಿ, ಬೇಳೆ ತಲಪಿಸುವುದನ್ನೂ ಮಕ್ಕಳ ಓದಿಗೆ ನೆರವಾಗುವುದನ್ನೂ ಹಲವು ಘಟಕಗಳು ತಮ್ಮ ಕೆಲಸದ ಭಾಗವಾಗಿಸಿಕೊಂಡಿರುವುದು ಇದೇ ಕಾರಣದಿಂದ. ಕ್ಯಾನ್ಸರ್ ರೋಗಿಗಳಿಂದ ಆರಂಭವಾದ ಸೇವೆ ಪಕ್ಷವಾತ, ಬೆನ್ನುಹುರಿಯ ಪೆಟ್ಟು, ಮೂತ್ರಪಿಂಡದ ವೈಫಲ್ಯ, ಮುಪ್ಪಿನ ನಿಶ್ಶಕ್ತಿ, ಮಾನಸಿಕ ಅಸ್ವಾಸ್ಥ್ಯಗಳವರೆಗೂ ವಿಸ್ತರಿಸಿತು.

ಕೊರತೆಗಳಿರಲಿಲ್ಲವೆಂದಲ್ಲ. ಉತ್ಸಾಹದ ಅಲೆಯಲ್ಲಿ ಹುಟ್ಟಿದ ಘಟಕಗಳೆಲ್ಲ ಬಾಳಲಿಲ್ಲ. ವೈದ್ಯರ ಕಣ್ಗಾವಲು ಸಡಿಲವಾದಲ್ಲಿ ಭೇಟಿಯು ಹಣ್ಣುಹಂಪಲು ಕೊಟ್ಟು ಬರುವ ಉಪಚಾರವಾಗಿ, ನೋವು ನೋವಾಗಿಯೇ ಉಳಿಯುವ ಅಪಾಯವಿದೆ ಎಂಬ ಟೀಕೆ ವೈದ್ಯವಲಯದಿಂದ ಬಂದಿತು. ಆ ಟೀಕೆಯಲ್ಲಿ ಹುರುಳಿದೆ. ಚೆನ್ನಾಗಿ ನಡೆಯುವ ಘಟಕಗಳನ್ನು ನೋಡಿದರೆ ಅಲ್ಲಿ ನುರಿತ ದಾದಿಯೂ ಊರಿನ ಸ್ವಯಂಸೇವಕರೂ ಒಬ್ಬರನ್ನೊಬ್ಬರು ಬಿಟ್ಟಿರುವುದಿಲ್ಲ.

2008ರ ಏಪ್ರಿಲಿನಲ್ಲಿ ಕೇರಳ ಸರಕಾರವು ಉಪಶಾಮಕ ಆರೈಕೆಗೆಂದೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ದೇಶದಲ್ಲಿ ಇಂಥದು ಮೊದಲನೆಯದು. ಮನೆಯಲ್ಲಿ ನೀಡುವ ಆರೈಕೆಯೇ ವ್ಯವಸ್ಥೆಯ ತಳಹದಿಯೆಂದು ಆ ನೀತಿ ಒಪ್ಪಿಕೊಂಡಿತು. ಬಳಿಕ ಸ್ಥಳೀಯಾಡಳಿತ ಸಂಸ್ಥೆಗಳು ಹೊಣೆ ಹೊತ್ತವು. ಪಂಚಾಯತಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತರಬೇತಿ ಪಡೆದ ದಾದಿ, ಅವರೊಡನೆ ಆಶಾ ಕಾರ್ಯಕರ್ತೆ ಮತ್ತು ಸ್ವಯಂಸೇವಕರು, ಗಹನವಾದ ತೊಂದರೆಗೆ ತಾಲೂಕು ಹಾಗೂ ಜಿಲ್ಲಾ ಆಸ್ಪತ್ರೆಯ ತಂಡ ಎಂಬ ಏರ್ಪಾಡು ರೂಪುಗೊಂಡಿತು. 2010ರಲ್ಲಿ ನಲವತ್ತು ದೇಶಗಳಲ್ಲಿ ಜನರು ಎಂಥ ಸಾವನ್ನು ಪಡೆಯುತ್ತಾರೆಂದು ಅಳೆದ ಅಂತಾರಾಷ್ಟ್ರೀಯ ವರದಿಯೊಂದು ಭಾರತವನ್ನು ಕಟ್ಟಕಡೆಯಲ್ಲಿ ನಿಲ್ಲಿಸಿತು. ಅದೇ ವರದಿ ಕೇರಳವನ್ನು ಮಾತ್ರ ಬೇರೆಯಾಗಿ ಎತ್ತಿ ಹೇಳಿತು. ಜನರು ಕಟ್ಟಿದುದನ್ನು ಸರಕಾರ ಹಿಂಬಾಲಿಸಿದ ಅಪೂರ್ವ ಉದಾಹರಣೆಯಿದು.

ಎಣ್ಮಕಜೆಯ ಗುಡ್ಡಗಳಲ್ಲಿ

ಕಾಸರಗೋಡಿಗೆ ಬಂದಾಗ ಈ ಕಥೆಯ ಬಣ್ಣ ಬದಲಾಗುತ್ತದೆ. ಇಲ್ಲಿ ಹಾಸಿಗೆ ಹಿಡಿದವರಲ್ಲಿ ಮುದುಕರಷ್ಟೇ ಅಲ್ಲ, ಮಕ್ಕಳೂ ಇದ್ದಾರೆ. 1970ರ ದಶಕದ ನಡುಭಾಗದಿಂದ 2000ದವರೆಗೆ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಕರುಗಳು ಅಂಗವಿಕಲವಾಗಿ ಹುಟ್ಟುತ್ತಿರುವುದನ್ನು ಪಡ್ರೆಯ ಕೃಷಿಕ ಪತ್ರಕರ್ತ ಶ್ರೀ ಪಡ್ರೆ ಅವರು ಎಂಬತ್ತರ ದಶಕದ ಆರಂಭದಲ್ಲಿಯೇ ಬರೆದು ಎಚ್ಚರಿಸಿದ್ದರು. ವಾಣೀನಗರದ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ಅವರು ಮನುಷ್ಯರಲ್ಲಿ ಕಂಡ ಅಸಾಧಾರಣ ಕಾಯಿಲೆಗಳನ್ನು ಹಳ್ಳಿಯ ಚಿಕಿತ್ಸಾಲಯದಲ್ಲಿ ಕುಳಿತು ದಾಖಲಿಸಿದರು. ಮನೆಮನೆಯಲ್ಲಿ ಯಾರು ಮಲಗಿದ್ದಾರೆಂದು ಲೆಕ್ಕವಿಟ್ಟವರು ಇಲ್ಲಿಯೂ ಊರಿನವರೇ.

ಡಿವೈಎಫ್‌ಐ ಸಂಘಟನೆಯ ಅರ್ಜಿಯ ಮೇಲೆ 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶಾದ್ಯಂತ ಎಂಡೋಸಲ್ಫಾನಿನ ಉತ್ಪಾದನೆ ಮತ್ತು ಮಾರಾಟವನ್ನು ತಡೆಯಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳಲ್ಲಿ ನೀಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಐದು ವರ್ಷ ಕಳೆದರೂ ಆದೇಶ ಜಾರಿಯಾಗದೆ ನ್ಯಾಯಾಂಗ ನಿಂದನೆಯ ಅರ್ಜಿ ಬಂದಾಗ, 2022ರಲ್ಲಿ ನ್ಯಾಯಾಲಯದ ಮುಂದಿದ್ದ ಪಟ್ಟಿಯಲ್ಲಿ 3,704 ಸಂತ್ರಸ್ತರಿದ್ದರು. ಅವರಲ್ಲಿ 102 ಮಂದಿ ಹಾಸಿಗೆ ಹಿಡಿದವರು. ಹಣ ದೊರೆತಿದ್ದುದು ನ್ಯಾಯಾಲಯದ ಕದ ತಟ್ಟಿದ ಎಂಟು ಮಂದಿಗೆ ಮಾತ್ರ. ಅದೇ ವರ್ಷ ನ್ಯಾಯಾಲಯವು ಜಿಲ್ಲೆಯ ಆಸ್ಪತ್ರೆಗಳಲ್ಲಿ ಚಿಕಿತ್ಸೆ, ಉಪಶಾಮಕ ಆರೈಕೆ, ಫಿಸಿಯೋಥೆರಪಿಗಳ ಸ್ಥಿತಿಗತಿಯನ್ನು ಕಂಡು ವರದಿ ಮಾಡುವಂತೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಸೂಚಿಸಿತು. ಪರಿಹಾರದ ಹಣ ಒಮ್ಮೆ ಬಂದು ಒಮ್ಮೆ ಮುಗಿಯುತ್ತದೆ. ಇಪ್ಪತ್ತೈದು ವರ್ಷದ ಮಗನನ್ನು ಕೂಸಿನಂತೆ ಎತ್ತಿ ಸ್ನಾನ ಮಾಡಿಸುವ ತಾಯಿಯ ಬೆನ್ನುನೋವು ಮುಗಿಯುವುದಿಲ್ಲ. ಆ ತಾಯಿಗೂ ವಯಸ್ಸಾಗುತ್ತಿದೆ.

2020ರ ಮಾರ್ಚಿನಲ್ಲಿ ತಲಪಾಡಿಯ ಗಡಿಯನ್ನು ಮಣ್ಣು ಹಾಕಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಉತ್ತರದ ಪಂಚಾಯತುಗಳು ತತ್ತರಿಸಿದವು. ಏಪ್ರಿಲ್ 1ರಂದು ಕೇರಳ ಉಚ್ಚ ನ್ಯಾಯಾಲಯ ಮಧ್ಯಪ್ರವೇಶಿಸಬೇಕಾಯಿತು. ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಮನೆಗೇ ಬರುವ ದಾದಿ, ಪಕ್ಕದ ವಾರ್ಡಿನ ಸ್ವಯಂಸೇವಕ ಎಂದರೆ ಏನೆಂಬುದನ್ನು ಆ ದಿನಗಳು ಇಲ್ಲಿನ ಕುಟುಂಬಗಳಿಗೆ ಮನಗಾಣಿಸಿದವು.

ನೋವಿಗೆ ಯಾವ ಭಾಷೆ?

ಮನೆಭೇಟಿಯ ಸೇವೆ ನಿಂತಿರುವುದು ಕೇಳಿಸಿಕೊಳ್ಳುವುದರ ಮೇಲೆ. ಹಾಗಿರುವಾಗ ಯಾವ ಭಾಷೆಯಲ್ಲಿ ಕೇಳಿಸಿಕೊಳ್ಳುತ್ತಾರೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಕನ್ನಡದಲ್ಲಿ ನೋವಿಗೆ ಎಷ್ಟೊಂದು ಮಾತುಗಳಿವೆ: ಉರಿ, ಸೆಳೆತ, ಚುಚ್ಚು, ಜೋಮು, ಹಿಂಡಿದಂತೆ, ಸಿಡಿದಂತೆ, ಇರುವೆ ಹರಿದಂತೆ. ತುಳುವಿನಲ್ಲಿ ಬೇರೆಯೇ ಇವೆ. ವೈದ್ಯಶಾಸ್ತ್ರದ ದೃಷ್ಟಿಯಿಂದ ಇವು ಬರಿಯ ಅಲಂಕಾರಗಳಲ್ಲ. ಉರಿ, ಜೋಮು, ವಿದ್ಯುತ್ ಹರಿದಂಥ ಸಿಡಿತವು ನರಕ್ಕೆ ಸಂಬಂಧಿಸಿದ ನೋವಿನ ಸೂಚನೆ. ಅದಕ್ಕೆ ಮಾರ್ಫಿನ್ ಒಂದೇ ಸಾಲದೆ ಬೇರೆ ಬಗೆಯ ಔಷಧ ಬೇಕಾಗಬಹುದು. ಅಲುಗಾಡಿದಾಗ ಹೆಚ್ಚುವ ಒಂದೇ ಸಮನೆಯ ನೋವು ಮೂಳೆಯದಾಗಿರಬಹುದು. ಹಿಂಡಿಹಿಂಡಿ ಬರುವುದು ಕರುಳಿನದು. ಇವೆಲ್ಲವೂ ಅರೆಬರೆ ಮಲಯಾಳಕ್ಕೆ ಅನುವಾದಗೊಂಡು ‘ವೇದನ’ ಎಂಬ ಒಂದೇ ಪದವಾಗಿ ದಾದಿಯ ಕಿವಿಗೆ ಬಿದ್ದರೆ ಕಾಗದದ ಮೇಲೆ ಬರೆಯುವ ಔಷಧವೂ ಅಷ್ಟಕ್ಕಷ್ಟೇ.

ಮನಸ್ಸಿನ ನೋವಿನ ವಿಚಾರ ಇದಕ್ಕಿಂತ ಸೂಕ್ಷ್ಮ. ಎಪ್ಪತ್ತು ವರ್ಷ ಕನ್ನಡದಲ್ಲಿ, ತುಳುವಿನಲ್ಲಿ ಬಾಳಿದವರು ಮೊಮ್ಮಗನ ಮೂಲಕ, ಪರಭಾಷೆಯಲ್ಲಿ, ತಮ್ಮ ಸಾವಿನ ಭಯವನ್ನು ಹೇಳಿಕೊಳ್ಳಲಾರರು. ಮೊಮ್ಮಗನೂ ಅದನ್ನು ಹಾಗೆಯೇ ದಾಟಿಸಲಾರ; ‘ಅಜ್ಜನಿಗೆ ಸ್ವಲ್ಪ ಬೇಸರ’ ಎಂದು ಮುಗಿಸುತ್ತಾನೆ. ದೂರದ ಜಿಲ್ಲೆಯಿಂದ ಬಂದ ದಾದಿಯರ ಶ್ರದ್ಧೆಯನ್ನು ಇಲ್ಲಿ ಸಂಶಯಿಸಬೇಕಾಗಿಲ್ಲ. ಎರಡು ಕನ್ನಡ ಮಾತು ಕಲಿತು ‘ಅಜ್ಜೀ, ಉಂಡಿರಾ?’ ಎಂದು ಕೇಳುವವರ ಮೇಲೆ ಈ ನಾಡಿಗೆ ಪ್ರೀತಿಯಿದೆ. ಆದರೆ ಒಬ್ಬರ ಶ್ರದ್ಧೆಯಿಂದ ವ್ಯವಸ್ಥೆಯ ಕೊರತೆ ತುಂಬದು.

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. ಕುಂದುಕೊರತೆಯ ಅರ್ಜಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಪ್ರತಿಯೊಬ್ಬರಿಗೂ ಕೊಟ್ಟಿದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶಗಳೆಂದು ಘೋಷಿತವಾದ ಕಡೆಗಳಲ್ಲಿ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸಲು, ಕನ್ನಡದಲ್ಲಿಯೇ ಉತ್ತರ ಪಡೆಯಲು ಕೇರಳದ 1969ರ ಅಧಿಕೃತ ಭಾಷೆಗಳ ಕಾಯ್ದೆಯೇ ಅವಕಾಶ ಕಲ್ಪಿಸಿತು. ಶಾಲೆಯ ಪಠ್ಯಪುಸ್ತಕ, ನೌಕರಿಯ ಪರೀಕ್ಷೆ, ಕಚೇರಿಯ ನಾಮಫಲಕ ಎಂದರೆ ನಾವು ಬೀದಿಗಿಳಿಯುತ್ತೇವೆ, ಅದು ಸರಿಯೇ. ಹಾಸಿಗೆಯ ಬದಿಯಲ್ಲಿ ಕುಳಿತು ಮಾತನಾಡುವವರ ಭಾಷೆಯನ್ನು ಕುರಿತು ಅಷ್ಟೇ ಗಟ್ಟಿಯಾಗಿ ಕೇಳಿದ್ದು ಕಡಿಮೆ.

ಈ ಕೊರತೆಯಲ್ಲಿ ಕಾನೂನು ತುಂಬಲಾಗದ ಪಾಲೂ ಇದೆ, ಅದು ಸ್ವಯಂಸೇವಕರದು. ಮಲಪ್ಪುರಂ, ಕಲ್ಲಿಕೋಟೆಗಳಲ್ಲಿ ಕಾಲೇಜು ವಿದ್ಯಾರ್ಥಿಗಳ ತಂಡಗಳು ವರ್ಷಗಳಿಂದ ಈ ಕೆಲಸದಲ್ಲಿವೆ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಹುಡುಗ ಹುಡುಗಿಯರು ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಮರಾಠಿಯನ್ನೋ ಆಡುತ್ತಾರೆ, ಪೇಟೆಯಲ್ಲಿ ಮಲಯಾಳವನ್ನು ಕಲಿತಿರುತ್ತಾರೆ. ಅಜ್ಜಿಯ ಮಾತನ್ನು ದಾದಿಗೂ ದಾದಿಯ ಮಾತನ್ನು ಅಜ್ಜಿಗೂ ಒಂದಿಷ್ಟೂ ಸೋರದಂತೆ ದಾಟಿಸಬಲ್ಲವರು ಅವರು. ಕನ್ನಡ ಓದಿ ಏನು ಪ್ರಯೋಜನ ಎಂದು ನೆಂಟರಿಷ್ಟರು ಕೇಳುವ ಪ್ರಶ್ನೆಗೆ ಈ ಜಿಲ್ಲೆಯಲ್ಲಿ ದೊರೆಯುವ ಉತ್ತರಗಳಲ್ಲಿ ಇದೂ ಒಂದು. ಶಾಲಾ ಬಾಲಕರನ್ನು ರೋಗಿಯ ಕೋಣೆಗೆ ಕಳುಹಿಸಬೇಕೆಂದು ಇದರ ಅರ್ಥವಲ್ಲ. ಹದಿನೆಂಟು ತುಂಬಿ ಹದಿನಾರು ಗಂಟೆಗಳ ಪಾಠ ಕೇಳಿದವರ ಮಾತಿದು. ಕಿರಿಯರಿಗೆ ಜನವರಿ 15ರ ಸಾಂತ್ವನ ದಿನವಿದೆ, ಆ ದಿನ ಕೈಯಿಂದ ಕೈಗೆ ಹೋಗುವ ಡಬ್ಬವಿದೆ. ತಂದೆ ಮಲಗಿರುವ ಮನೆಯ ಸಹಪಾಠಿಗೆ ತಪ್ಪಿದ ಪಾಠದ ಟಿಪ್ಪಣಿ ಬರೆದುಕೊಡುವ ಕೆಲಸವಿದೆ.

ಭೇಟಿ ಬೇಕಾದವರು ಮಾಡಬೇಕಾದುದು ಹೆಚ್ಚೇನಿಲ್ಲ. ವಾರ್ಡಿನ ಸದಸ್ಯರಿಗೋ ಆಶಾ ಕಾರ್ಯಕರ್ತೆಗೋ ತಿಳಿಸಬಹುದು, ಇಲ್ಲವೇ ಪ್ರಾಥಮಿಕ ಆರೋಗ್ಯ ಕೇಂದ್ರದ ಉಪಶಾಮಕ ಆರೈಕೆಯ ದಾದಿಯನ್ನು ನೇರವಾಗಿ ಕಾಣಬಹುದು. ಹಳೆಯ ಚಿಕಿತ್ಸೆಯ ಕಾಗದಗಳನ್ನು, ಈಗ ಕೊಡುತ್ತಿರುವ ಔಷಧಗಳನ್ನು ಒಂದೆಡೆ ತೆಗೆದಿರಿಸಿದರೆ ಮೊದಲ ಭೇಟಿ ಸುಲಭವಾಗುತ್ತದೆ. ಬರೆದು ಕೊಡುವುದಾದರೆ ಒಂದು ಹಾಳೆ ಸಾಕು: ರೋಗಿಯ ಹೆಸರು, ಮನೆಗೆ ದಾರಿ, ತೊಂದರೆಯೇನು, ಮನೆಯಲ್ಲಿ ನೋಡಿಕೊಳ್ಳುವವರು ಯಾರು, ರೋಗಿ ಆಡುವ ಭಾಷೆ ಯಾವುದು. ಅದನ್ನು ಕನ್ನಡದಲ್ಲಿಯೇ ಬರೆಯಬಹುದು.